ಹಾಕಿಸಿದ್ದು ಎಂಟು, ಸಿಕ್ಕಿದ್ದು ಮೂರೂಕಾಲು

ಕೇಳುಗರೇ, ನಮಸ್ಕಾರ.

ಹಳೇ ಕಂಪ್ಯೂಟರ್ ನಿಧಾನವಾಯಿತು ಅಂದರೆ ಎಲ್ಲರೂ ಕೊಡುವ ಸಲಹೆ ಒಂದೇ. ‘ರ್ಯಾಮ್ ಜಾಸ್ತಿ ಹಾಕಿಸಿ ಸಾರ್.’ ರ್ಯಾಮ್ ಅಂದರೆ ಕೆಲಸ ನಡೆಯುವಾಗ ಕಂಪ್ಯೂಟರ್ ಬಳಸುವ ಮೆಮೊರಿ. ಸಲಹೆ ತಪ್ಪೇನಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಪರಿಚಯದ ಮೇಷ್ಟ್ರೊಬ್ಬರು ಹಾಗೇ ಮಾಡಿದರು. ವಿಂಡೋಸ್ 7 ಇದ್ದ ಸಿಸ್ಟಂ. ಎರಡು ಜಿಬಿ ತೆಗೆಸಿ ಎಂಟು ಜಿಬಿ ಹಾಕಿಸಿದರು. ಮನೆಗೆ ತಂದು ನೋಡಿದರೆ ತೆರೆಯ ಮೇಲೆ ಹೀಗಿತ್ತು: ಹಾಕಿರುವುದು 8 ಜಿಬಿ, ಬಳಕೆಗೆ ಸಿಗುವುದು 3.25 ಜಿಬಿ. ‘ಮಿಕ್ಕಿದ್ದು ಎಲ್ಲಿ ಹೋಯಿತು? ಅಂಗಡಿಯವನು ಮೋಸ ಮಾಡಿದನಾ?’ ಅಂತ ಮೇಷ್ಟ್ರಿಗೆ ಅನುಮಾನ.

ಮೋಸ ಅಲ್ಲ. ಹಾಕಿದ ಎರಡೂ ರ್ಯಾಮ್ ಸ್ಟಿಕ್ ಚೆನ್ನಾಗಿಯೇ ಇದ್ದವು. ಮಾರುವ ಮೊದಲು ಕೇಳಬೇಕಿದ್ದ ಒಂದು ಮಾತನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಿಮ್ಮ ವಿಂಡೋಸ್ 32 ಬಿಟ್ಟೋ, 64 ಬಿಟ್ಟೋ?

ರ್ಯಾಮ್‌ನ ಪ್ರತಿಯೊಂದು ಬೈಟಿಗೂ, ಅಂದರೆ ಮಾಹಿತಿ ಇಡುವ ಒಂದೊಂದು ಪುಟ್ಟ ಕೋಣೆಗೂ, ಒಂದು ವಿಳಾಸ ಬೇಕು. ವಿಳಾಸ ಇಲ್ಲದ ಬೈಟನ್ನು ಕಂಪ್ಯೂಟರ್ ಮುಟ್ಟಲಾರದು. ನಮ್ಮ ಅಂಚೆಯ ಪಿನ್ ಕೋಡ್ ನೆನಪು ಮಾಡಿಕೊಳ್ಳಿ. ಮೈಸೂರಿನದು 570ರಿಂದ ಶುರು, ಮಂಡ್ಯದ್ದು 571ರಿಂದ. ಒಟ್ಟು ಆರು ಅಂಕಿ. ಹೇಗೆ ಜೋಡಿಸಿದರೂ ಆರು ಅಂಕಿಯಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಸಂಖ್ಯೆ ಹುಟ್ಟುವುದಿಲ್ಲ. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು, ಅಷ್ಟೇ. ಅವನ್ನು 32 ಮನೆಗಳಲ್ಲಿ, ಅಂದರೆ 32 ಬಿಟ್‌ಗಳಲ್ಲಿ, ತುಂಬಿದರೆ 429 ಕೋಟಿ 49 ಲಕ್ಷ 67 ಸಾವಿರದ 296 ವಿಳಾಸ ಆಗುತ್ತವೆ. ನಾವು 4 ಜಿಬಿ ಅನ್ನುವುದು ಇದನ್ನೇ.

ಸರಿ, ನಾಲ್ಕು ಆಯಿತು. ಮೂರೂಕಾಲು ಯಾಕೆ? ರ್ಯಾಮ್‌ಗೆ ಮಾತ್ರ ವಿಳಾಸ ಕೊಟ್ಟರೆ ಸಾಲದು. ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಕಂಪ್ಯೂಟರನ್ನು ಶುರು ಮಾಡಿಸುವ ಬಯಾಸ್ ಚಿಪ್, ಇವಕ್ಕೂ ಅದೇ 4 ಜಿಬಿ ವಿಳಾಸಗಳಲ್ಲಿ ಪಾಲು ಬೇಕು. ಮೇಲಿನ ತುದಿಯ ವಿಳಾಸಗಳು ಇವುಗಳ ಪಾಲಾಗುತ್ತವೆ. ಆಮೇಲೆ ಉಳಿದದ್ದು ರ್ಯಾಮ್‌ಗೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಇನ್ನೂ ಕಡಿಮೆಯಾಗುತ್ತದೆ. ಅದಕ್ಕೇ ಒಬ್ಬರ ಮನೆಯಲ್ಲಿ 3.5 ಕಂಡರೆ ಇನ್ನೊಬ್ಬರ ಮನೆಯಲ್ಲಿ 3ಕ್ಕಿಂತಲೂ ಕೆಳಗೆ ಕಾಣಬಹುದು.

ಇದು ಹೊಸ ಜಗಳವೂ ಅಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಇಂಟೆಲ್ 8088 ಚಿಪ್ ಇತ್ತು. ಅದರ ವಿಳಾಸಕ್ಕೆ 20 ಬಿಟ್. ಅಂದರೆ ಒಟ್ಟು ಒಂದು ಎಂಬಿ. ಅದರಲ್ಲಿ ಪ್ರೋಗ್ರಾಮುಗಳಿಗೆ ಬಿಟ್ಟದ್ದು 640 ಕೆಬಿ. ಮೇಲಿನ 384 ಕೆಬಿ ಪರದೆಗೆ, ಬಯಾಸ್‌ಗೆ, ಬೇರೆ ಕಾರ್ಡುಗಳಿಗೆ. ಆಗ ಕೆಬಿಯಲ್ಲಿ ಆದದ್ದು ಆಮೇಲೆ ಜಿಬಿಯಲ್ಲಿ ಆಯಿತು, ಅಷ್ಟೇ.

ಈಗ ನನಗೆ ಸ್ವಲ್ಪ ತಕರಾರು ಇರುವ ಭಾಗಕ್ಕೆ ಬರುತ್ತೇನೆ. 32 ಬಿಟ್ ಅಂದ ಕೂಡಲೇ ‘ಪ್ರೊಸೆಸರ್‌ಗೇ ಆಗಲ್ಲ’ ಅಂತ ಹೇಳಿಬಿಡುತ್ತಾರೆ. ಪೂರ್ತಿ ನಿಜ ಅಲ್ಲ. 1995ರಲ್ಲೇ ಇಂಟೆಲ್‌ನ ಪೆಂಟಿಯಂ ಪ್ರೊ ಚಿಪ್ಪಿನಲ್ಲಿ ಪಿಎಇ ಅನ್ನುವ ಏರ್ಪಾಡು ಬಂತು. ಅದು ವಿಳಾಸವನ್ನು 36 ಬಿಟ್‌ಗೆ ಹಿಗ್ಗಿಸಿತು. ಅಂದರೆ 64 ಜಿಬಿ. ವಿಂಡೋಸ್ ಸರ್ವರ್ 2008ರ ಎಂಟರ್‌ಪ್ರೈಸ್ ಆವೃತ್ತಿ 32 ಬಿಟ್‌ನಲ್ಲೇ 64 ಜಿಬಿ ಬಳಸುತ್ತಿತ್ತು. ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಕೂಡ ಪಿಎಇ ಬಳಸಿ 4 ಜಿಬಿ ದಾಟುತ್ತಿತ್ತು. ಮನೆಯ ವಿಂಡೋಸ್ ಮಾತ್ರ ನಾಲ್ಕಕ್ಕೇ ನಿಂತಿತು. ಮೈಕ್ರೋಸಾಫ್ಟ್ ಕೊಟ್ಟ ಕಾರಣ ಇದು: ಎಷ್ಟೋ ಡ್ರೈವರ್‌ಗಳಿಗೆ, ಅಂದರೆ ಪ್ರಿಂಟರ್, ಕಾರ್ಡುಗಳನ್ನೆಲ್ಲ ನಡೆಸುವ ಪುಟ್ಟ ಪ್ರೋಗ್ರಾಮುಗಳಿಗೆ, 4 ಜಿಬಿ ಮೇಲಿನ ವಿಳಾಸ ಕಂಡರೆ ದಿಕ್ಕು ತಪ್ಪುತ್ತಿತ್ತು, ಕಂಪ್ಯೂಟರ್ ಕುಸಿದು ಬೀಳುತ್ತಿತ್ತು. ಕಾರಣ ಒಪ್ಪುವಂಥದ್ದೇ. ಆದರೆ 64 ಬಿಟ್ ವಿಂಡೋಸ್ 7ರಲ್ಲಿ ಡ್ರೈವರ್ ನೆಪ ಇರಲಿಲ್ಲ. ಅಲ್ಲೂ ಹೋಮ್ ಬೇಸಿಕ್‌ಗೆ 8 ಜಿಬಿ, ಹೋಮ್ ಪ್ರೀಮಿಯಂಗೆ 16 ಜಿಬಿ, ಪ್ರೊಫೆಷನಲ್‌ಗೆ 192 ಜಿಬಿ ಅಂತ ಗೆರೆ ಹಾಕಿದ್ದರು. ಇದು ವ್ಯಾಪಾರದ ಗೆರೆ, ಅಲ್ವಾ? ಈಗಿನ ವಿಂಡೋಸ್ 11ರ ಹೋಮ್‌ಗೆ 128 ಜಿಬಿ, ಪ್ರೊಗೆ 2 ಟಿಬಿ. ನಮ್ಮ ನಿಮ್ಮ ಮನೆಗೆ ಆ ಮಿತಿ ಮುಟ್ಟುವ ಮಾತೇ ಇಲ್ಲ ಬಿಡಿ.

ನಿಮ್ಮದು ಯಾವುದು ಅಂತ ನೋಡುವುದು ಸುಲಭ. ವಿಂಡೋಸ್ ಕೀ ಒತ್ತಿ ಹಿಡಿದು ಪಾಜ್ (Pause) ಕೀ ಒತ್ತಿ. ಆ ಕೀ ಇಲ್ಲದಿದ್ದರೆ ದಿಸ್ ಪಿಸಿ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ವಿಂಡೋಸ್ 10ರಲ್ಲಿ ಸಿಸ್ಟಂ ಟೈಪ್ ಅನ್ನುವ ಸಾಲಿನಲ್ಲಿ ಎರಡು ವಿಷಯ ಇರುತ್ತವೆ, ವಿಂಡೋಸ್ ಎಷ್ಟು ಬಿಟ್, ಪ್ರೊಸೆಸರ್ ಎಷ್ಟು ಬಿಟ್. ವಿಂಡೋಸ್ 7ರಲ್ಲಿ ಆ ಸಾಲಿನಲ್ಲಿ ಮೊದಲನೆಯದು ಮಾತ್ರ ಕಾಣುತ್ತದೆ. ಪ್ರೊಸೆಸರ್ 64, ವಿಂಡೋಸ್ 32 ಅಂತ ಇದ್ದರೆ ಹೊಸ ರ್ಯಾಮ್‌ಗೆ ದುಡ್ಡು ಹಾಕುವ ಮೊದಲು ವಿಂಡೋಸ್ ಬದಲಿಸಬೇಕು. ಇದ್ದದ್ದರ ಮೇಲೇ ಅಪ್‌ಗ್ರೇಡ್ ಮಾಡಲು ಆಗುವುದಿಲ್ಲ. ಹೊಸದಾಗಿ ಹಾಕಬೇಕು. ಆದ್ದರಿಂದ ಫೋಟೋ, ದಾಖಲೆ ಎಲ್ಲ ಮೊದಲು ಬೇರೆ ಕಡೆ ಉಳಿಸಿಕೊಳ್ಳಿ. ಹಳೇ ಪ್ರಿಂಟರ್, ಸ್ಕ್ಯಾನರ್‌ಗೆ 64 ಬಿಟ್ ಡ್ರೈವರ್ ಸಿಗುತ್ತದಾ ಅಂತಲೂ ವಿಚಾರಿಸಿ. ಸಿಗದಿದ್ದರೆ ಅವು ಕೆಲಸ ಮಾಡುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಹಳೇ ಯಂತ್ರ ಅದಕ್ಕೆ ಒಗ್ಗದಿದ್ದರೆ 64 ಬಿಟ್ ಲಿನಕ್ಸ್ ಹಾಕಿಸಿ ನೋಡಬಹುದು. ಅದಕ್ಕೆ ದುಡ್ಡೂ ಬೇಡ.

ಒಂದು ಕಡೆ ಮಾತ್ರ ಅವಸರ ಬೇಡ. ಮಂಡ್ಯದ ಬೆಲ್ಲದ ಮಂಡಿಯಲ್ಲೋ, ಅಕ್ಕಿ ಗಿರಣಿಯಲ್ಲೋ ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಲೆಕ್ಕದ ಪ್ರೋಗ್ರಾಮ್ ಇನ್ನೂ ನಡೆಯುತ್ತಿದ್ದರೆ, 64 ಬಿಟ್ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದಿಲ್ಲ. ಅಂಥ ಯಂತ್ರವನ್ನು ಇಂಟರ್ನೆಟ್‌ಗೆ ಸೇರಿಸದೆ 32 ಬಿಟ್‌ನಲ್ಲೇ ಇರಲು ಬಿಡಿ. ಆ ಪ್ರೋಗ್ರಾಮಿಗೆ ಜಾಸ್ತಿ ರ್ಯಾಮ್ ಏನೂ ಬೇಕಾಗಿಲ್ಲ.

ಕೊನೆಗೆ ಮದರ್‌ಬೋರ್ಡ್. ಎಷ್ಟು ರ್ಯಾಮ್ ಹಿಡಿಸುತ್ತದೆ ಅಂತ ಅದಕ್ಕೂ ಒಂದು ಮಿತಿ ಇರುತ್ತದೆ. ಕೈಪಿಡಿಯಲ್ಲಿ ಬರೆದಿರುತ್ತಾರೆ. ರ್ಯಾಮ್‌ನಲ್ಲೂ ತಲೆಮಾರುಗಳಿವೆ. ಡಿಡಿಆರ್ 3 ಬೋರ್ಡಿಗೆ ಡಿಡಿಆರ್ 4 ಸ್ಟಿಕ್ ಕೂರುವುದಿಲ್ಲ, ಸ್ಟಿಕ್ಕಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ. ರ್ಯಾಮ್ ಕೊಳ್ಳಲು ದೇವರಾಜ ಅರಸು ರಸ್ತೆ ಕಡೆ ಹೊರಟಿದ್ದರೆ ಬೋರ್ಡಿನ ಮಾಡೆಲ್ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಂಡು, ಹಳೇ ಸ್ಟಿಕ್ಕನ್ನೂ ಜೊತೆಗೆ ಒಯ್ಯಿರಿ.

ನಮಸ್ಕಾರ.