ಆಟಿಯ ಗಾಳಿಗೆ ದಡ ಸೇರುವ ಕಡಲ ಹಕ್ಕಿಗಳು

ಎಲ್ಲರಿಗೂ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಗಂಗೊಳ್ಳಿ, ತದಡಿಯ ಬೋಟುಗಳೆಲ್ಲ ಬಂದರಿನಲ್ಲೇ. ಆ 61 ದಿನ ಆಳಸಮುದ್ರದಲ್ಲಿ ಏನು ಹಾರುತ್ತಿದೆ ಎಂದು ನೋಡುವವರು ಇಲ್ಲವೆಂದೇ ಹೇಳಬೇಕು. ಗೂಡು ಕಟ್ಟುವ ಕಾಲ ಬಿಟ್ಟರೆ ನೆಲದ ಕಡೆ ಸುಳಿಯದ ಹಕ್ಕಿಗಳು ಮರಳ ಮೇಲೆ, ತೆಂಗಿನ ತೋಟದಲ್ಲಿ, ಹೆದ್ದಾರಿ ಬದಿಯಲ್ಲಿ ಬಂದು ಬೀಳುವುದೂ ಸರಿಯಾಗಿ ಅದೇ ದಿನಗಳಲ್ಲಿ. ಹಾಗಾಗಿ ಮಳೆಗಾಲದ ಅರಬ್ಬೀ ಸಮುದ್ರದ ಹಕ್ಕಿಗಳ ಬಗ್ಗೆ ನಮಗೆ ತಿಳಿಯುವುದರಲ್ಲಿ ಬಹುಪಾಲು, ದಡದಲ್ಲಿ ಆ ಹಕ್ಕಿಯನ್ನು ಮೊದಲು ಕಂಡವರು ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಿದರು ಎಂಬುದರ ಮೇಲೆ ನಿಂತಿದೆ.

ಗಾಳಿ ಎತ್ತಿ ಎಸೆಯಿತು ಅಂತ ಜನ ಹೇಳುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಬಿರುಗಾಳಿಯಲ್ಲಿ ಹಾರುವುದು ಈ ಹಕ್ಕಿಗಳಿಗೆ ಹೊಸತಲ್ಲ. ಅವನ್ನು ಕೆಡವುವುದು ಹಸಿವು. ನೀರು ಕದಡಿ, ಅಲೆ ಎದ್ದು ಮೇಲ್ಪದರದ ಮೀನು ಕಾಣದೆ ನಾಲ್ಕಾರು ದಿನ ಕಳೆದರೆ ಮೈಯ ಕೊಬ್ಬು ಕರಗುತ್ತದೆ, ಆಮೇಲೆ ಎದೆಯ ಮಾಂಸ. ಆ ಸ್ಥಿತಿಯಲ್ಲಿ ಪಡುವಣ ಗಾಳಿಗೆ ಎದುರಾಗಿ ಹಾರಲು ತ್ರಾಣವಿರುವುದಿಲ್ಲ, ಗಾಳಿ ಕೊಂಡೊಯ್ದ ಕಡೆ ಬರುತ್ತದೆ. ಮೀನು ಹಿಡಿಯಲು ಇನ್ನೂ ಪಳಗದ ಮೊದಲ ವರ್ಷದ ಮರಿಗಳು ಹೆಚ್ಚಾಗಿ ಸಿಗುವುದು ಇದರಿಂದಲೇ. ಎದೆಯ ನಡುವೆ ಬೆರಳಾಡಿಸಿ ನೋಡಿ. ಮೂಳೆ ಚೂರಿಯ ಅಲಗಿನಂತೆ ಕೈಗೆ ತಾಗಿದರೆ ಆ ಹಕ್ಕಿ ಉಪವಾಸವಿದ್ದು ಬಹಳ ದಿನವಾಗಿದೆ.

ಗುರುತಿಸುವುದರಲ್ಲಿ ಹೆಚ್ಚು ತಪ್ಪಾಗುವುದು ಎರಡು ಕಪ್ಪುಬೆನ್ನಿನ ರೀವಗಳಲ್ಲಿ (ಇಂಗ್ಲಿಷಿನಲ್ಲಿ ಟರ್ನ್ ಎನ್ನುವ ಕವಲುಬಾಲದ ಕಡಲ ಹಕ್ಕಿಗಳು), ಸೂಟಿ ಮತ್ತು ಬ್ರೈಡಲ್ಡ್. ಬ್ರೈಡಲ್ಡ್ ರೀವ ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳ ಮೇಲೆ ಮರಿ ಮಾಡುತ್ತದೆ, ಸೂಟಿ ರೀವ ಲಕ್ಷದ್ವೀಪದ ಪಕ್ಷಿಪಿಟ್ಟಿ ದ್ವೀಪದಲ್ಲಿ. ಪುಸ್ತಕಗಳು ಒಂದರ ಬೆನ್ನು ಬೂದುಗಂದು, ಇನ್ನೊಂದರದು ಕಡುಕಪ್ಪು ಎನ್ನುತ್ತವೆ. ಆದರೆ ನೆನೆದು ತೊಪ್ಪೆಯಾದ ಹಕ್ಕಿಯಲ್ಲಿ ಎರಡೂ ಕಪ್ಪೇ. ಬಣ್ಣ ಬಿಡಿ, ಹಣೆ ನೋಡಿ. ಹಣೆಯ ಬಿಳಿ ಅಗಲವಾಗಿದ್ದು ಕಣ್ಣಿನ ಹತ್ತಿರ ನಿಂತುಬಿಟ್ಟರೆ ಸೂಟಿ. ಕಿರಿದಾಗಿ, ಹುಬ್ಬು ತೀಡಿದಂತೆ ಕಣ್ಣು ದಾಟಿ ಹಿಂದಕ್ಕೆ ಹೋದರೆ ಬ್ರೈಡಲ್ಡ್. ಸೂಟಿಯ ಮರಿಗೆ ಹಣೆಯ ಬಿಳಿಯೇ ಇಲ್ಲ. ಎದೆಯೂ ಸೇರಿ ಮೈಯೆಲ್ಲ ಮಸಿಗಂದು, ಬೆನ್ನ ಮೇಲೆ ಬಿಳಿ ಚುಕ್ಕೆಗಳ ಸಾಲು. ಇದನ್ನು ಬ್ರೌನ್ ನಾಡಿ (ರೀವಗಳ ಸಂಬಂಧಿಯಾದ ಕಂದು ಕಡಲ ಹಕ್ಕಿ) ಎಂದು ಬರೆದುಬಿಡುವುದು ಸುಲಭ. ಬಾಲದ ಬುಡ ಕೆಳಗಿನಿಂದ ಬಿಳಿಯಾಗಿದ್ದರೆ ಸೂಟಿಯ ಮರಿ, ಅಲ್ಲೂ ಕಂದೇ ಇದ್ದರೆ ನಾಡಿ.

ಉದ್ದ ರೆಕ್ಕೆಯ ದೊಡ್ಡ ಕಪ್ಪು ಕಡಲ ಹಕ್ಕಿಯಾದ ಫ್ರಿಗೇಟ್ ಕಂಡಿತೆಂಬ ಎಷ್ಟೋ ವರದಿಗಳು ಕೊನೆಗೆ ಕರಿಹದ್ದಾಗಿ ಮುಗಿಯುತ್ತವೆ. ಹದ್ದಿನ ರೆಕ್ಕೆಯ ತುದಿಯಲ್ಲಿ ಗರಿಗಳು ಬೆರಳಿನಂತೆ ಬಿಡಿಬಿಡಿಯಾಗಿ ಕಾಣುತ್ತವೆ, ಹಾರುವಾಗ ಬಾಲವನ್ನು ಚುಕ್ಕಾಣಿಯಂತೆ ಆಚೀಚೆ ತಿರುಗಿಸುತ್ತಲೇ ಇರುತ್ತದೆ. ಫ್ರಿಗೇಟ್‌ನ ರೆಕ್ಕೆ ಮೊಣಕೈ ಮಡಿಸಿದಂತೆ ಬಾಗಿ ಚೂಪಾಗಿ ಮುಗಿಯುತ್ತದೆ, ಬೆರಳುಗಳಿಲ್ಲ. ಬಾಲ ಮಡಿಸಿದಾಗ ಒಂದೇ ಕಡ್ಡಿಯಂತೆ ಕಾಣುವುದರಿಂದ ಕವಲನ್ನೇ ಹುಡುಕುತ್ತಾ ಕೂರಬೇಡಿ. ಕಂಕುಳಿನ ಚಿತ್ರ ತೆಗೆಯಲು ಪ್ರಯತ್ನಿಸಿ. ಲೆಸ್ಸರ್ ಫ್ರಿಗೇಟ್‌ನ ಗಂಡಿಗೂ ಅಲ್ಲಿ ಬಿಳಿ ಮುಳ್ಳಿನಂಥ ಗುರುತಿರುತ್ತದೆ, ಗ್ರೇಟ್ ಫ್ರಿಗೇಟ್‌ನ ಗಂಡಿಗೆ ಇರುವುದಿಲ್ಲ.

ಈಗ ಚಿತ್ರದ ವಿಚಾರ. ಹಕ್ಕಿಯನ್ನು ಕೈಯಲ್ಲಿ ಹಿಡಿದು ನಗುತ್ತಾ ನಿಂತವರ ಫೋಟೊದಲ್ಲಿ ಹಕ್ಕಿಯ ಅರ್ಧ ಮೈ ಬೆರಳುಗಳ ಹಿಂದೆ ಅಡಗಿರುತ್ತದೆ. ಬೇಕಾದದ್ದು ಇಷ್ಟು: ತಲೆಯ ಪಕ್ಕನೋಟ, ಕೊಕ್ಕಿನ ಮೇಲ್ನೋಟ, ಬಿಚ್ಚಿದ ರೆಕ್ಕೆಯ ಮೇಲ್ಭಾಗ ಮತ್ತು ಅಡಿಭಾಗ, ಬಾಲದ ಬುಡ, ಕಾಲು. ಮೇಲ್ನೋಟ ಏಕೆಂದರೆ ಶಿಯರ್‌ವಾಟರ್, ಸ್ಟಾರ್ಮ್ ಪೆಟ್ರೆಲ್ ಎಂಬ ಆಳಸಮುದ್ರದ ಹಕ್ಕಿಗಳ ಮೂಗಿನ ಹೊಳ್ಳೆ ಕೊಳವೆಯಾಗಿ ಕೊಕ್ಕಿನ ಮೇಲೆ ಕೂತಿರುತ್ತದೆ. ಅದೊಂದು ಕಂಡರೆ ರೀವ, ನಾಡಿಗಳೆಲ್ಲ ಲೆಕ್ಕದಿಂದ ಹೊರಗೆ. ಸ್ಟಾರ್ಮ್ ಪೆಟ್ರೆಲ್‌ನಲ್ಲಿ ಕಾಲ್ಬೆರಳ ನಡುವಿನ ಪೊರೆಯನ್ನೂ ಬಿಡಿಸಿ ತೆಗೆಯಿರಿ, ಹಳದಿಯಿದ್ದರೆ ಅದು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಅಳತೆಪಟ್ಟಿ ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ ಪಕ್ಕದಲ್ಲಿಡಿ, ಅದರ ಅಡ್ಡಳತೆ 27 ಮಿಲಿಮೀಟರ್. ಫೋನನ್ನು ಓರೆ ಮಾಡದೆ ನೇರ ಮೇಲಿನಿಂದ ಹಿಡಿಯಿರಿ, ಇಲ್ಲವಾದರೆ ನಾಣ್ಯವಿಟ್ಟೂ ಅಳತೆ ತಪ್ಪುತ್ತದೆ.

ಆ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಹೋದ ಕ್ಷಣ ಅದರೊಳಗಿನ ದಿನಾಂಕ, ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಮುಂದಿನ ಮಳೆಗಾಲದಲ್ಲಿ ಅದೇ ಚಿತ್ರ ಬೇರೆ ಊರಿನ ಹೆಸರು ಹೊತ್ತು ವಾಪಸು ಬರುತ್ತದೆ. ಹಕ್ಕಿ ಸಿಕ್ಕವರಿಂದ ಮೂಲ ಫೈಲನ್ನು 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ, ಸಿಕ್ಕ ಹೊತ್ತು, ಜಾಗ, ಗಾಳಿಯ ದಿಕ್ಕು ಅವರ ಬಾಯಿಂದಲೇ ಕೇಳಿ ಆಗಲೇ ಬರೆದುಕೊಳ್ಳಿ. ಸತ್ತ ಹಕ್ಕಿಯ ಚಿತ್ರವನ್ನು ಐನ್ಯಾಚುರಲಿಸ್ಟ್‌ಗೆ (ಜನರು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣ) ಹಾಕಿ, ಸತ್ತಿದೆ ಎಂದು ಗುರುತು ಮಾಡುವ ಅವಕಾಶ ಅಲ್ಲಿದೆ.

ಬದುಕಿರುವ ಹಕ್ಕಿಯ ವಿಷಯದಲ್ಲಿ ಆಗುವ ತಪ್ಪುಗಳು ಮನಸ್ಸಿಗೆ ನೋವು ಕೊಡುತ್ತವೆ, ಯಾಕೆಂದರೆ ಮಾಡುವವರೆಲ್ಲ ಕರುಣೆಯಿಂದಲೇ ಮಾಡುತ್ತಾರೆ. ಮಾಸ್ಕ್ಡ್ ಬೂಬಿ ಎಂಬ ದೊಡ್ಡ ಕಡಲ ಹಕ್ಕಿ ಕಚ್ಚುತ್ತದೆಂದು ಕೊಕ್ಕಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಬೂಬಿಗೆ ಹೊರಗಿನ ಮೂಗಿನ ಹೊಳ್ಳೆಗಳು ಮುಚ್ಚಿಹೋಗಿವೆ, ಅದು ಉಸಿರಾಡುವುದು ಬಾಯಿಯ ಮೂಲೆಯಿಂದ. ಕೊಕ್ಕು ಬಿಗಿದರೆ ಉಸಿರು ಕಟ್ಟುತ್ತದೆ. ಟವೆಲ್ ಹೊದಿಸಿ, ದವಡೆಯ ಹಿಂದೆ ತಲೆ ಹಿಡಿಯಿರಿ, ನಿಮ್ಮ ಮುಖದಿಂದ ದೂರವಿಡಿ. ಅದರ ಕೊಕ್ಕಿನ ಅಂಚು ಗರಗಸದಂತಿದೆ, ಕಣ್ಣಿಗೇ ಗುರಿಯಿಡುತ್ತದೆ. ಕೈಗವಸು, ಮಾಸ್ಕ್ ಇರಲಿ.

ಕಡಲ ಹಕ್ಕಿಯಲ್ಲವೇ ಎಂದು ಬಕೆಟ್ಟಿನ ನೀರಿಗೆ, ಇಲ್ಲವೇ ನೇರ ಅಲೆಗೆ ಬಿಡುವುದು ಇನ್ನೊಂದು. ಸೂಟಿ ರೀವ, ಫ್ರಿಗೇಟ್‌ಗಳ ಗರಿ ನೀರು ತಡೆಯುವುದಿಲ್ಲ, ನೆನೆದು ಭಾರವಾಗಿ ಮುಳುಗುತ್ತವೆ. ಬಾಯಿ ಬಿಡಿಸಿ ಬಂಗುಡೆ ತುಂಡು ತುರುಕುವುದೂ ಬೇಡ. ಬಸವಳಿದ ಹಕ್ಕಿಗೆ ಮೊದಲು ಬೇಕಾದದ್ದು ಬೆಚ್ಚಗಿನ ಕತ್ತಲೆ ಮತ್ತು ಮೌನ, ಆಮೇಲೆ ದ್ರವ, ಅದೂ ಪಶುವೈದ್ಯರ ಕೈಯಿಂದ. ಮೀನಿನ ಮಾತು ಅದರ ನಂತರ. ತೂತು ಮಾಡಿದ ರಟ್ಟಿನ ಪೆಟ್ಟಿಗೆ ಸಾಕು. ಒಳಗೆ ಬೈಹುಲ್ಲು ಮಾತ್ರ ಹಾಸಬೇಡಿ, ಅದರ ಬೂಷ್ಟು ಈ ಹಕ್ಕಿಗಳ ಶ್ವಾಸಕೋಶಕ್ಕೆ ಹತ್ತುತ್ತದೆ. ಟವೆಲನ್ನು ಸಿಂಬಿಯಂತೆ ಸುತ್ತಿ ಅದರ ನಡುವೆ ಕೂರಿಸಿದರೆ ಎದೆಮೂಳೆಗೆ ಹುಣ್ಣಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಪೆಟ್ಟಿಗೆ ಮುಚ್ಚಿದ ಕೂಡಲೇ ಅರಣ್ಯ ಇಲಾಖೆಗೆ ಫೋನ್ ಹೋಗಬೇಕು.

ಹಾರುವ ಹಕ್ಕಿಗಳನ್ನೇ ನೋಡಬೇಕೆಂದರೆ ಕಾಪು ದೀಪಸ್ತಂಭದ ಬಂಡೆಯಂಥ ಎತ್ತರದ ಜಾಗ, ಬೆಳಗಿನ ಹೊತ್ತು. ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ, ಸಂಜೆಯಾದರೆ ಎಲ್ಲ ಹಕ್ಕಿಯೂ ಕಪ್ಪು ನೆರಳು. ಟೆಲಿಸ್ಕೋಪ್ 20ರಿಂದ 30 ಪಟ್ಟು ಸಾಕು, 60ಕ್ಕೆ ಏರಿಸಿದರೆ ಗಾಳಿಗೆ ಚಿತ್ರ ನಡುಗುತ್ತದೆ. 15 ನಿಮಿಷಕ್ಕೊಂದು ಲೆಕ್ಕ, ಉತ್ತರಕ್ಕೆ ಹೋದವು ಬೇರೆ, ದಕ್ಷಿಣಕ್ಕೆ ಹೋದವು ಬೇರೆ. 2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತ ಹಾದುಹೋದರೆ ಜೂನ್‌ಗೆ ಕಾಯಬೇಡಿ, ಗಾಳಿ ಇಳಿದ ಮರುಬೆಳಗ್ಗೆಯೇ ಹೊರಡಿ.

ಟೆಲಿಸ್ಕೋಪ್ ಇಲ್ಲದವರಿಗೂ ಒಂದು ಕೆಲಸವಿದೆ. ಮನೆ ಹತ್ತಿರದ ಎರಡು ಕಿಲೋಮೀಟರ್ ಕಡಲತೀರ ಆರಿಸಿಕೊಳ್ಳಿ. ವಾರಕ್ಕೊಮ್ಮೆ, ಅದೇ ಎರಡು ಕಿಲೋಮೀಟರ್, ನಾಯಿ ಕಾಗೆಗಳು ಎಳೆದಾಡುವ ಮೊದಲು, ಭರತದ ಗೆರೆ ಹಿಡಿದು ನಡೆಯಿರಿ. ಏನೂ ಸಿಗದ ದಿನವೂ ದಿನಾಂಕ ಹಾಕಿ 'ಸೊನ್ನೆ' ಎಂದು ಬರೆಯಿರಿ. ಜುಲೈ ಮೂರನೇ ವಾರ ನಾಲ್ಕು ರೀವ ಸಿಕ್ಕರೆ ಅದು ಹೆಚ್ಚೋ ಕಡಿಮೆಯೋ ಎಂದು ಹೇಳುವುದು ಆ ಸೊನ್ನೆಗಳೇ.