ಮತ್ತೆ ನೀನಾ?

ಕೇಳುಗರೇ, ನಮಸ್ಕಾರ.

ನಾನು ಕೊಡಗಿನ ಶಾಲೆಯೊಂದರಲ್ಲಿ ಬಹಳ ವರ್ಷ ಪ್ರೈಮರಿ ಟೀಚರ್ ಆಗಿದ್ದವಳು. ಇವತ್ತಿನ ಮಾತು ಥಟ್ಟನೆ ಸಿಟ್ಟು ಏರುವ ಮಕ್ಕಳ ಬಗ್ಗೆ, ಅವರಿಗೆ ಸಿಗದ ಗೆಳೆತನದ ಬಗ್ಗೆ. ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಹೆಸರು ಬೇಡ. ಹಾಕಿ ಅಂದರೆ ಅವನಿಗೆ ಪ್ರಾಣ. ನಮ್ಮ ಕಡೆ ಇದು ಹೊಸದೇನಲ್ಲ ಬಿಡಿ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲಂತೂ, ಬೇಸಿಗೆ ಬಂತೆಂದರೆ ಸಣ್ಣ ಸಣ್ಣ ಮಕ್ಕಳ ಕೈಯಲ್ಲೂ ಒಂದು ಕೋಲು. ಈ ಹುಡುಗ ಓಡುವುದರಲ್ಲಿ ಎಲ್ಲರಿಗಿಂತ ಮುಂದು. ಒಂದು ದಿನ ಆಟದ ನಡುವೆ ಪಿಟಿ ಮೇಷ್ಟ್ರು ಅವನನ್ನು ಹೊರಗೆ ಕರೆದು ಬೇರೆಯವನನ್ನು ಇಳಿಸಿದರು. ಅಷ್ಟೇ. ಸ್ಟಿಕ್ ಹಾರಿಹೋಗಿ ಬೇಲಿಗೆ ಬಿತ್ತು. ಬಾಯಿಗೆ ಬಂದ ಹಾಗೆ ಬೈದ. ನೆಲದ ಮೇಲೆ ಬಿದ್ದು ಅತ್ತ. ಹತ್ತು ನಿಮಿಷವೂ ಆಗಿರಲಿಲ್ಲ, ಮುಖ ತೊಳೆದು ಬಂದು ಅದೇ ಹುಡುಗರನ್ನು ಕೇಳಿದ: "ನಾಳೆ ಎಷ್ಟು ಗಂಟೆಗೆ ಆಟ?"

ಯಾರೂ ಉತ್ತರ ಕೊಡಲಿಲ್ಲ. ಅವನಿಗೆ ಆಶ್ಚರ್ಯ. ಅವನ ಪಾಲಿಗೆ ಗಲಾಟೆ ಮುಗಿದಿತ್ತು. ಉಳಿದವರ ಪಾಲಿಗೆ ಮುಗಿದಿರಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಕೇಳಿ. ಕ್ಲಾಸು ತಣ್ಣಗಿರಲಿ ಅಂತ ಅವನೊಬ್ಬನನ್ನೇ ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಕೂರಿಸಿದೆ. ಎಲ್ಲಾದರೂ ಸದ್ದಾದರೆ, ಪುಸ್ತಕದಿಂದ ತಲೆ ಎತ್ತದೆಯೇ "ಮತ್ತೆ ನೀನಾ?" ಅನ್ನುತ್ತಿದ್ದೆ. ಎಷ್ಟೋ ಸಲ ಅದು ಅವನಾಗಿರುತ್ತಲೇ ಇರಲಿಲ್ಲ. ಒಂದು ತಿಂಗಳು ಕಳೆದಿರಬೇಕು. ಬಿಸಿಯೂಟದ ಸಾಲಿನಲ್ಲಿ ಒಬ್ಬ ಹುಡುಗಿಯ ಕೈಯಿಂದ ತಟ್ಟೆ ಜಾರಿ ಬಿತ್ತು. ಇವನು ಅಲ್ಲಿಂದ ನಾಲ್ಕು ಮಕ್ಕಳ ಆಚೆ ನಿಂತಿದ್ದ. ಇಡೀ ಸಾಲು ಅವನ ಕಡೆ ತಿರುಗಿ, ನನ್ನದೇ ರಾಗದಲ್ಲಿ, ಒಟ್ಟಿಗೆ ಹೇಳಿತು: "ಮತ್ತೆ ನೀನಾ?"

ಅದು ಅವನ ಅಡ್ಡಹೆಸರೇ ಆಗಿಬಿಟ್ಟಿತ್ತು. ಇಟ್ಟವಳು ನಾನು.

ಆ ಮಗುವಿಗೆ ಎಡಿಎಚ್‌ಡಿ ಇದೆ ಅಂತ ಡಾಕ್ಟರು ಹೇಳಿದ್ದು ಆಮೇಲೆ. ಈ ಹೆಸರು ನೀವು ಕೇಳಿರುತ್ತೀರಿ. ಗಮನ ನಿಲ್ಲುವುದಿಲ್ಲ, ಒಂದು ಕಡೆ ಕೂರುವುದಿಲ್ಲ, ಯೋಚಿಸುವ ಮೊದಲೇ ಮಾಡಿಬಿಡುತ್ತಾರೆ. ಲೋಕದಲ್ಲಿ ನೂರಕ್ಕೆ ಸುಮಾರು 5 ಮಕ್ಕಳಲ್ಲಿ ಇದು ಇದೆ ಅಂತ ಲೆಕ್ಕ. ಡಾಕ್ಟರುಗಳು ಇದನ್ನು ಗುರುತಿಸಲು ಬಳಸುವ ಒಂದು ಪಟ್ಟಿ ಇದೆ. ಅದರಲ್ಲಿ 18 ಲಕ್ಷಣಗಳು. ತಮಾಷೆ ಏನು ಗೊತ್ತಾ? ಆ 18ರಲ್ಲಿ ಸಿಟ್ಟಿನ ಮಾತೇ ಇಲ್ಲ. ಆದರೆ ತಾಯಂದಿರು ನನ್ನ ಹತ್ತಿರ ಬಂದು ಅತ್ತದ್ದೆಲ್ಲ ಸಿಟ್ಟಿನ ವಿಷಯಕ್ಕೇ. "ಟೀಚರೇ, ಓದದಿದ್ದರೆ ಬೇಡ, ಇವನನ್ನು ಯಾರೂ ಬರ್ತ್‌ಡೇಗೆ ಕರೆಯುವುದಿಲ್ಲ" ಅಂತ. ಹಾಗಂತ ಇದು ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. 1902ರಲ್ಲೇ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಾಗ, ಥಟ್ಟನೆ ಏರುವ ಸಿಟ್ಟಿನ ಬಗ್ಗೆಯೂ ಹೇಳಿದ್ದರು.

ಒಳಗೆ ಏನಾಗುತ್ತದೆ? ನಮಗೂ ಸಿಟ್ಟು ಬರುತ್ತದೆ. ಬಂದ ಸಿಟ್ಟಿಗೂ ಎತ್ತಿದ ಕೈಗೂ ನಡುವೆ ಒಂದು ಕ್ಷಣ ಇರುತ್ತದಲ್ವಾ, ಆ ಕ್ಷಣದಲ್ಲಿ ನಾವು ತಡೆದುಕೊಳ್ಳುತ್ತೇವೆ. ಈ ಮಕ್ಕಳಿಗೆ ಆ ಕ್ಷಣ ಸಿಗುವುದೇ ಇಲ್ಲ. ಹೀಗೆ ತಡೆಯುವ ಕೆಲಸ ಹೆಚ್ಚಾಗಿ ಮಿದುಳಿನ ಮುಂಭಾಗದ್ದು. 2007ರಲ್ಲಿ ಅಮೆರಿಕದಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಮಿದುಳಿನ ಹೊರಪದರ ಬಲಿಯುವ ಒಂದು ಹಂತವನ್ನು ಬೇರೆ ಮಕ್ಕಳು ಏಳೂವರೆ ವರ್ಷದ ಆಸುಪಾಸಿನಲ್ಲಿ ಮುಟ್ಟಿದರೆ, ಎಡಿಎಚ್‌ಡಿ ಮಕ್ಕಳು ಹತ್ತೂವರೆಗೆ ಮುಟ್ಟಿದ್ದು ಕಂಡಿತು. ಸುಮಾರು 3 ವರ್ಷ ತಡ. ಅಂದರೆ ಹತ್ತು ವರ್ಷದ ಹುಡುಗ ಏಳು ವರ್ಷದವನ ಹಾಗೆ ಅತ್ತರೆ, ಅದನ್ನು ಬರೀ ಹಟ ಅಂದುಕೊಳ್ಳಬೇಡಿ.

ಸಿಟ್ಟೊಂದೇ ಅಲ್ಲ, ಇವರ ಖುಷಿಯೂ ದೊಡ್ಡದು. ಆ ಹುಡುಗ ಒಮ್ಮೆ ಗೋಲು ಹೊಡೆದ ಗೆಳೆಯನ ಬೆನ್ನ ಮೇಲೆ ಹಾರಿ ಕೂತ. ಖುಷಿಗೇ. ಗೋಲು ಹೊಡೆದವನು ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದ. ಇನ್ನು ಕೆಲವು ಮಕ್ಕಳು, ಅದರಲ್ಲೂ ಹುಡುಗಿಯರು, ಎಸೆಯುವುದೂ ಇಲ್ಲ, ಕೂಗುವುದೂ ಇಲ್ಲ. ಯಾರೋ ಏನೋ ಅಂದರೆ ಕಣ್ಣು ತುಂಬಿಕೊಂಡು ಕೂರುತ್ತಾರೆ, ಕಿಟಕಿ ಹೊರಗೆ ನೋಡುತ್ತಾರೆ. ಅವರು ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಜೊತೆಯ ಮಕ್ಕಳು ಬಹಳ ಬೇಗ ತೀರ್ಪು ಕೊಡುತ್ತಾರೆ. ಮೊದಲು ಪರಿಚಯವೇ ಇಲ್ಲದ ಮಕ್ಕಳನ್ನು ಶಿಬಿರದಲ್ಲಿ ಒಟ್ಟಿಗೆ ಬಿಟ್ಟು ನೋಡಿದ್ದಾರೆ. ಮೊದಲ ದಿನ ಮುಗಿಯುವಷ್ಟರಲ್ಲೇ ಯಾರು ಬೇಡ ಅಂತ ತೀರ್ಮಾನ ಆಗಿರುತ್ತದೆ. 2005ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಎಡಿಎಚ್‌ಡಿ ಇದ್ದ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಮಂದಿಯನ್ನು ಕ್ಲಾಸಿನವರು ದೂರ ಇಟ್ಟಿದ್ದರು. ಒಮ್ಮೆ ಕೂತ ಹೆಸರು ಬೇಗ ಏಳುವುದಿಲ್ಲ. ಮಗು ಸುಧಾರಿಸಿದರೂ ಜೊತೆಯವರ ಕಣ್ಣು ಹಳೆಯದನ್ನೇ ಹುಡುಕುತ್ತದೆ. ನಾವು ಮಗುವನ್ನು ತಿದ್ದುತ್ತಾ ಕೂರುತ್ತೇವೆ, ಆ ಕಣ್ಣಿನ ಬಗ್ಗೆ ಏನೂ ಮಾಡುವುದಿಲ್ಲ. ನನ್ನ ಪ್ರಕಾರ ಅಲ್ಲೇ ನಾವು ಎಡವುವುದು.

ಆ ಹುಡುಗನ ಅಜ್ಜ ಒಂದು ದಿನ ಶಾಲೆಗೆ ಬಂದು, "ಇವನಪ್ಪನೂ ಹೀಗೇ ಇದ್ದ ಟೀಚರೇ, ಸುಮ್ನೆ ನೀವು ದೊಡ್ಡದು ಮಾಡ್ತೀರಿ" ಅಂದರು. ಅಜ್ಜ ಹೇಳಿದ್ದರಲ್ಲಿ ಅರ್ಧ ಸರಿ. ಇದು ವಂಶದಲ್ಲಿ ಬಹಳ ಮಟ್ಟಿಗೆ ಇಳಿದು ಬರುವಂಥದ್ದು. ಬೆಳೆಸಿದ ರೀತಿ ಸರಿಯಿಲ್ಲ ಅಂತ ತಾಯಿಯನ್ನು ಬೈಯುವುದರಲ್ಲಿ ಅರ್ಥ ಇಲ್ಲ. ಆದರೆ ಸುಮ್ಮನೆ ಬಿಟ್ಟರೆ ತಾನೇ ಸರಿಹೋಗುತ್ತದೆ ಅನ್ನುವ ಇನ್ನರ್ಧ ಸರಿಯಲ್ಲ. ಡಾಕ್ಟರು ಕೊಡುವ ಮಾತ್ರೆಯಿಂದ ಗಮನಕ್ಕೆ, ಚಡಪಡಿಕೆಗೆ ಅನುಕೂಲ ಆಗುತ್ತದೆ. ಡಾಕ್ಟರು ಹೇಳಿದರೆ ಹೆದರಬೇಡಿ. ಗೆಳೆತನ ಮಾತ್ರ ಮಾತ್ರೆಯ ಹಿಂದೆ ತಾನಾಗಿ ಬರುವುದಿಲ್ಲ.

ನನಗೆ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ. ಸ್ಟಾಫ್ ರೂಮಿನಲ್ಲಿ ಕೂರಿಸಿ ಹೇಳಿದ ಬುದ್ಧಿಮಾತು ಗ್ರೌಂಡಿಗೆ ತಲುಪುವ ಮೊದಲೇ ಆವಿಯಾಗಿ ಹೋಗುತ್ತದೆ. ಹೇಳುವುದಾದರೆ ಗ್ರೌಂಡಿನಲ್ಲೇ, ಆಟ ಶುರುವಾಗುವ ಮೊದಲು ಹೇಳಬೇಕು. "ನೋಡು, ಅರ್ಧ ಆಟ ಆದ ಮೇಲೆ ನಿನ್ನನ್ನು ಹೊರಗೆ ಕರೀತಾರೆ. ಆಗ ಸ್ಟಿಕ್ ನನ್ನ ಕೈಗೆ ಕೊಡು, ನೀರು ಕುಡಿ." ಇಷ್ಟೇ. ಮೊದಲೇ ಗೊತ್ತಿದ್ದರೆ ಪೆಟ್ಟು ಕಡಿಮೆ. ಸಿಟ್ಟು ಏರಿದಾಗ ಮಾತೇ ಬೇಡ. ಉರಿಯುವ ಒಲೆಗೆ ಊದಿದ ಹಾಗೆ ಆಗುತ್ತದೆ. ಹತ್ತಿರ ನಿಲ್ಲಿ, ಸಾಕು. ಮೈ ತಣಿದ ಮೇಲೆ ಎರಡು ಮಾತು.

ಇನ್ನೊಂದು, ಕ್ಲಾಸಿನ ಎದುರು ಅವನು ಮಾಡಿದ ಒಳ್ಳೆಯದನ್ನು ಹೆಸರು ಹಿಡಿದು ಹೇಳುವುದು. ಸುಳ್ಳು ಹೊಗಳಿಕೆ ಅಲ್ಲ, ಮಕ್ಕಳು ಅದನ್ನು ಕೂಡಲೇ ಹಿಡಿಯುತ್ತಾರೆ. ಅವನಿಗೆ ಮರದ ಮೇಲಿನ ಹಕ್ಕಿಗಳ ದನಿ ಎಲ್ಲ ಗೊತ್ತಿತ್ತು. "ಇದು ಯಾವ ಹಕ್ಕಿ, ಅವನನ್ನು ಕೇಳಿ" ಅಂತ ಶುರು ಮಾಡಿದೆ. ಬೆಂಚನ್ನೂ ಸದ್ದಿಲ್ಲದೆ ವಾಪಸು ಸಾಲಿಗೆ ಸೇರಿಸಿದೆ. ಮಕ್ಕಳ ಬಾಯಿಂದ ಆ ಅಡ್ಡಹೆಸರು ಹೋಗಲು ಒಂದು ವರ್ಷ ಹಿಡಿಯಿತು. ನನ್ನ ಬಾಯಿಂದಲೇ ಹೋಗಲು ಒಂದು ತಿಂಗಳು ಬೇಕಾಯಿತು ಅನ್ನಿ.

ಮನೆಯವರಿಗೆ ಒಂದು ಮಾತು. ಹತ್ತು ಗೆಳೆಯರನ್ನು ಹುಡುಕಬೇಡಿ, ಒಬ್ಬ ಸಾಕು. ಆ ಒಬ್ಬನನ್ನು ಮನೆಗೆ ಕರೆಯಿರಿ, ಒಂದು ಗಂಟೆ ಮಾತ್ರ. ಚೆನ್ನಾಗಿ ನಡೆಯುತ್ತಿರುವಾಗಲೇ ಮುಗಿಸಿ. ಸೋಲು ಗೆಲುವು ಇರುವ ಆಟ ಮೊದಮೊದಲು ಬೇಡ. ನಮ್ಮಲ್ಲಿ ಮನೆಗಳು ತೋಟದ ನಡುವೆ ದೂರ ದೂರ, ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಮಳೆ ರಜೆ ಬೇರೆ. ಮಗು ವಾರಗಟ್ಟಲೆ ಒಬ್ಬನೇ ಇದ್ದು ಶಾಲೆಗೆ ಬಂದರೆ ಇದ್ದಬದ್ದದ್ದೂ ಮರೆತಿರುತ್ತದೆ. ಕೊಯ್ಲಿನ ಕಾಲದಲ್ಲಂತೂ ದೊಡ್ಡವರಿಗೆ ಪುರುಸೊತ್ತೇ ಇಲ್ಲ, ಗೊತ್ತು. ಆದರೂ ಒಂದು ಗಂಟೆ.

ಅನುಮಾನ ಇದ್ದರೆ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಅಷ್ಟು ದೂರ ಹೋಗುವ ಮೊದಲು ಫೋನಿನಲ್ಲಿ ಮಾತಾಡಬೇಕು ಅಂದರೆ ಟೆಲಿ ಮಾನಸ್ ಇದೆ. 2022ರಿಂದ ನಡೆಯುತ್ತಿರುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ನಂಬರ್ 14416. ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಆ ಹುಡುಗನ ಅವ್ವ ಕೊನೆಗೆ ಹಾಗೇ ಮಾಡಿದರು. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಒಂದು ಶನಿವಾರ, ಕ್ಲಾಸಿನ ಒಬ್ಬ ಮೆತ್ತಗಿನ ಹುಡುಗನನ್ನು ಕರೆಸಿದರು. ಮನೆ ಹಿಂದಿನ ತೋಡಿಗೆ ಇಬ್ಬರೂ ಸೇರಿ ಕಲ್ಲು, ಕೆಸರು, ಬಾಳೆಯೆಲೆ ಹಾಕಿ ಕಟ್ಟೆ ಕಟ್ಟಿದರು. ಎರಡು ಸಲ ಒಡೆಯಿತು. ಮೊದಲ ಸಲ ಇವನು ಕಿರುಚಿ ಕಲ್ಲು ಒದ್ದ. ಎರಡನೇ ಸಲ ಇನ್ನೊಬ್ಬ ಕಿರುಚಿದ, ಇವನು ನಕ್ಕ. ಕಾಲಿಗೆ ಹತ್ತಿದ ಜಿಗಣೆ ಎಷ್ಟು ಅಂತ ಇಬ್ಬರೂ ಎಣಿಸಿದರಂತೆ. ಸೋಮವಾರ ಆ ಇನ್ನೊಬ್ಬ ಹುಡುಗನ ತಾಯಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಯೂನಿಫಾರ್ಮ್ ಹಾಳಾಯಿತು ಅಂತ ಇವರ ಹತ್ತಿರ ಗೊಣಗಿದರಂತೆ. "ಮುಂದಿನ ಶನಿವಾರ ಹಳೇ ಚಡ್ಡಿ ಹಾಕಿ ಕಳಿಸ್ತೇನೆ ಅಕ್ಕ" ಅಂದರಂತೆ.

ನಮಸ್ಕಾರ.