ಎರಡು ಭಾಷೆಯ ತರಗತಿ ಎಡವುವುದೆಲ್ಲಿ?

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಬಾರದ ಮಗುವಿಗೆ ಉಳಿದವರಿಗೆ ಕೊಡುವ ಪುಸ್ತಕ, ಮೇಷ್ಟ್ರು, ಪಾಠಕ್ರಮವನ್ನೇ ಕೊಟ್ಟ ಮಾತ್ರಕ್ಕೆ ಅದು ಸಮಾನ ಶಿಕ್ಷಣವಾಗದು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮೂಲದ ಮಕ್ಕಳ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲಿ ಹೇಳಿದ್ದು ಇದನ್ನೇ. ಹೇಗೆ ಕಲಿಸಬೇಕೆಂದು ಮಾತ್ರ ಹೇಳಲಿಲ್ಲ. ಜಗಳ ಅಲ್ಲೇ ಉಳಿಯಿತು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 227ನೇ ಪ್ರಸ್ತಾವ ಒಪ್ಪಿ ಮನೆಮಾತಿನ ಪಾಠವನ್ನು ಬಹುಮಟ್ಟಿಗೆ ತೆಗೆಸಿದರು. ಸಾಮಾನ್ಯವಾಗಿ ಒಂದು ವರ್ಷದ ಇಂಗ್ಲಿಷ್ ತಯಾರಿ ಸಾಕು ಎಂಬುದು ಅದರ ಲೆಕ್ಕ. 2016ರಲ್ಲಿ 58ನೇ ಪ್ರಸ್ತಾವ ಅದನ್ನು ಸಡಿಲಿಸಿತು.

ಆ ಲೆಕ್ಕವೇ ತಪ್ಪಾಗಿತ್ತು. ಆಟದ ಬಯಲಿನ ಇಂಗ್ಲಿಷ್ ಒಂದೆರಡು ವರ್ಷದಲ್ಲಿ ಬರುತ್ತದೆ. ಪಠ್ಯದ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಹಿಡಿಯಬಹುದೆಂದು ಕೆನಡಾದ ಭಾಷಾ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ ತೋರಿಸಿದ್ದರು. ಮಾತು ಸರಾಗವಾಯಿತೆಂದು ನೆರವು ನಿಲ್ಲಿಸಿದರೆ ಮಗು ನಾಲ್ಕನೇ ತರಗತಿಯ ವಿಜ್ಞಾನದಲ್ಲಿ ಮುಗ್ಗರಿಸುತ್ತದೆ. ಆಗ ಭಾಷೆಯ ಮೇಲೆ ಯಾರಿಗೂ ಅನುಮಾನ ಬಾರದು. ಮಗುವೇ ದಡ್ಡ ಅನ್ನಿಸಿಕೊಳ್ಳುತ್ತದೆ.

ಇನ್ನು ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗೆ ಎರಡೂ ಭಾಷೆಯಲ್ಲಿ ಕಲಿಸುವ 90:10 ಮಾದರಿ. ಕಿಂಡರ್‌ಗಾರ್ಟನ್‌ನಲ್ಲಿ ಶೇಕಡಾ 90 ಸಮಯ ಸ್ಪ್ಯಾನಿಷ್, 10 ಇಂಗ್ಲಿಷ್. ಪ್ರತಿವರ್ಷ ಇಂಗ್ಲಿಷ್ ಏರುತ್ತಾ ನಾಲ್ಕು-ಐದನೇ ತರಗತಿಗೆ ಸಮಸಮ. ಅಕ್ಷರ ಮೊದಲು ಸ್ಪ್ಯಾನಿಷಿನಲ್ಲಿ. ಆರು ಗಂಟೆಯ ದಿನದಲ್ಲಿ ಆ ಹತ್ತು ಅಂದರೆ 36 ನಿಮಿಷ. ಪಾಠ ಹಾಳಾಗುವುದು ಹೆಚ್ಚಾಗಿ ಇಲ್ಲೇ: ಅಷ್ಟನ್ನೂ ಆಟದ ಪೀರಿಯಡ್‌ಗೋ ಹಾಡಿಗೋ ಬಿಟ್ಟರೆ ಇಂಗ್ಲಿಷ್ ಬೆಳೆಯುವುದಿಲ್ಲ. ಮಕ್ಕಳು ಪೂರ್ತಿ ವಾಕ್ಯದಲ್ಲಿ ಕೇಳಿ ಉತ್ತರಿಸುವಂತೆ ಆ ಹೊತ್ತನ್ನು ಮೊದಲೇ ಯೋಜಿಸಬೇಕು. ಇಂಗ್ಲಿಷ್ ಮನೆಯ ಮಕ್ಕಳೂ ಸೇರಿ ಕಲಿಯುವ ತರಗತಿಯಾದರೆ ಎರಡೂ ಗುಂಪು ತಲಾ ಮೂರನೇ ಒಂದು ಭಾಗವಾದರೂ ಇರಲಿ. ಇಲ್ಲವಾದರೆ ಒಂದು ಭಾಷೆಗೆ ಮಾತಾಡುವ ಜೊತೆಯೇ ಸಿಗದು.

ಇನ್ನೊಂದು ಚಟ, ಪ್ರತಿ ವಾಕ್ಯವನ್ನೂ ಎರಡೂ ಭಾಷೆಯಲ್ಲಿ ಹೇಳುವುದು. ದಯೆಯಿಂದಲೇ ಹುಟ್ಟಿದ ಚಟ, ಆದರೂ ಕೆಟ್ಟದ್ದು. ಹೇಗೂ ತನ್ನ ಭಾಷೆಯಲ್ಲಿ ಬರುತ್ತದೆಂದು ಗೊತ್ತಾದ ಮಗು ಇನ್ನೊಂದಕ್ಕೆ ಕಿವಿಗೊಡುವುದಿಲ್ಲ. ಪಾಠವೂ ಅರ್ಧಕ್ಕೆ ಇಳಿಯುತ್ತದೆ. ಅದರ ಬದಲು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದೋ ವಿಷಯವಾರು ಎಂದೋ ಭಾಷೆ ಹಂಚಿ. ಅರ್ಥವಾಗದಲ್ಲಿ ಚಿತ್ರ, ವಸ್ತು, ಅಭಿನಯದಿಂದ ತಿಳಿಸಿ. ಸ್ಪ್ಯಾನಿಷಿನಲ್ಲಿ ಭಿನ್ನರಾಶಿ ಕಲಿತ ಮಗುವಿಗೆ ಇಂಗ್ಲಿಷಿನಲ್ಲಿ ಲೆಕ್ಕವನ್ನು ಮತ್ತೆ ಕಲಿಸಬೇಕಿಲ್ಲ. ಅಂಶ, ಛೇದಗಳ ಹೆಸರು ಕೊಟ್ಟರೆ ಸಾಕು.

ಅಲ್ಲಿಗೆ ಹೋದ ನಮ್ಮ ಕನ್ನಡ ಕುಟುಂಬಗಳಿಗೆ ಒಂದು ಮಾತು. ದಾಖಲಾತಿಯ ಹೊತ್ತಿಗೆ ಕ್ಯಾಲಿಫೋರ್ನಿಯಾದ ಶಾಲೆಗಳು ಮನೆಮಾತಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳುತ್ತವೆ. ಮಗುವಿಗೆ ಇಂಗ್ಲಿಷ್ ಬಾರದವರೆಂಬ ಹಣೆಪಟ್ಟಿ ಬಿದ್ದೀತೆಂಬ ಭಯಕ್ಕೆ ಎಲ್ಲದಕ್ಕೂ ಇಂಗ್ಲಿಷ್ ಎಂದು ಬರೆದರೆ ಪರೀಕ್ಷೆಯೂ ಇಲ್ಲ, ನೆರವೂ ಇಲ್ಲ. ಕನ್ನಡ ಎಂದು ಬರೆದರೆ 30 ದಿನದೊಳಗೆ ಎಲ್‌ಪ್ಯಾಕ್ ಎಂಬ ಪರೀಕ್ಷೆ ನಡೆಯುತ್ತದೆ: ಕೇಳುವುದು, ಮಾತು, ಓದು, ಬರಹ. ಇಂಗ್ಲಿಷ್ ಚೆನ್ನಾಗಿದ್ದರೆ ಮಗು ಇಂಗ್ಲಿಷ್ ಕಲಿಕೆದಾರರ ಪಟ್ಟಿಗೇ ಸೇರುವುದಿಲ್ಲ.